ಹಗಲು ಎಂಟು ಗಂಟೆ ಮಲಗಿದರೂ ರಾತ್ರಿ ಪಾಳಿಯ ದಣಿವು ಆರುವುದಿಲ್ಲ ಯಾಕೆ?

#1 ಪಾಳಿಪಟ್ಟಿ

ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿ. ವಾರಕ್ಕೆ 5 ರಾತ್ರಿ ಕೆಲಸ, 2 ದಿನ ರಜೆ. ರಜೆಯಲ್ಲಿ ಮನೆಯವರ ಜೊತೆಗೇ ರಾತ್ರಿ ಮಲಗೋದು. ತಿಂಗಳಾನುಗಟ್ಟಲೆ ಹೀಗೆ ನಡೆದರೆ ಮೈಗೆ ನಿಜವಾಗಿ ಏನಾಗುತ್ತೆ, ಅದರಲ್ಲಿ ಎಷ್ಟನ್ನು ತಪ್ಪಿಸಬಹುದು? "ರಾತ್ರಿ ಕಳೆದುಕೊಂಡ ನಿದ್ದೆಯನ್ನ ಹಗಲು ಮಾಡಿದರೆ ಲೆಕ್ಕ ಚುಕ್ತಾ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ. ಅದು ಸರಿಯಾ? "ಚೆನ್ನಾಗಿ ನೀರು ಕುಡಿಯಿರಿ, ಧ್ಯಾನ ಮಾಡಿ" ಅನ್ನೋ ಉತ್ತರ ದಯವಿಟ್ಟು ಬೇಡ. ಗಂಟೆ, ನಿಮಿಷ, ಪ್ರಮಾಣ ಹಾಕಿ ಹೇಳಿ.

#2 ಗಡಿಯಾರದ ಮುಳ್ಳು

ಲೆಕ್ಕ ಚುಕ್ತಾ ಆಗಲ್ಲ. ನಿದ್ದೆಯನ್ನು ನಡೆಸೋದು ಎರಡು ಬೇರೆ ಬೇರೆ ವ್ಯವಸ್ಥೆ. ಒಂದು, ಎಚ್ಚರ ಇದ್ದಷ್ಟೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಮಿದುಳಿನ ಹೈಪೋಥಲಾಮಸ್‌ನಲ್ಲಿ ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಸ್ವಲ್ಪ ಮೇಲೆ ಕೂತಿರುವ, ಸುಮಾರು 20,000 ನರಕೋಶಗಳ ಜೈವಿಕ ಗಡಿಯಾರ. ಅದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಚೂರು ಜಾಸ್ತಿ. ಅದನ್ನು ದಿನಾ ತಿದ್ದಿ 24ಕ್ಕೆ ಕೂರಿಸುವುದು ಬೆಳಕು.

ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ ಏಳುವ ಅಭ್ಯಾಸ ಇರುವವರ ಮೈಯಲ್ಲಿ ರಾತ್ರಿ 9 ಗಂಟೆ ಹೊತ್ತಿಗೆ ಮೆಲಟೋನಿನ್ (ರಾತ್ರಿಯಾಯ್ತು ಅಂತ ಮೈಗೆ ಸಾರುವ ಹಾರ್ಮೋನು) ಏರೋಕೆ ಶುರುವಾಗುತ್ತೆ. ಮೈಯ ಒಳಗಿನ ಉಷ್ಣತೆ ಬೆಳಗಿನ ಜಾವ 4ರಿಂದ 5ರ ನಡುವೆ ತೀರಾ ತಗ್ಗಿಗೆ ಇಳಿಯುತ್ತೆ. ಏಳುವ ಹೊತ್ತಿಗೆ ಮೈಯನ್ನು ಎಚ್ಚರಕ್ಕೆ ಸಜ್ಜುಮಾಡುವ ಹಾರ್ಮೋನು ಕಾರ್ಟಿಸಾಲ್ ಏರಿರುತ್ತೆ. ಈಗ 6ಕ್ಕೆ ಪಾಳಿ ಮುಗಿಸಿ 8ಕ್ಕೆ ಮಲಗಿದವರ ಸ್ಥಿತಿ ನೋಡಿ. ನಿದ್ದೆಯ ಒತ್ತಡ ಬೆಟ್ಟದಷ್ಟಿದೆ, ಹಾಗಾಗಿ ತಲೆ ಇಟ್ಟ ತಕ್ಷಣ ನಿದ್ದೆ ಬರುತ್ತೆ. ಒತ್ತಡ ಅರ್ಧ ಇಳಿಯುವಷ್ಟರಲ್ಲಿ ಗಡಿಯಾರ "ಮಧ್ಯಾಹ್ನ ಆಯ್ತು, ಏಳು" ಅಂತ ಎಬ್ಬಿಸುತ್ತೆ. 12, 1 ಗಂಟೆಗೆ ಕಣ್ಣು ಬಿಟ್ಟುಕೊಂಡು ಬಿದ್ದಿರೋದು ಇದಕ್ಕೇ. ಅದು ಮನೆಯ ಗದ್ದಲದ ತಪ್ಪಷ್ಟೇ ಅಲ್ಲ. ಹಾಸಿಗೆಯಲ್ಲಿ 8 ಗಂಟೆ ಕಳೆದರೂ ನಿದ್ದೆ 5–6 ಗಂಟೆಯೇ, ಅದರಲ್ಲೂ ಕತ್ತರಿ ಹಾಕಿದ್ದು ಕೊನೆಯ ಭಾಗಕ್ಕೆ.

"ಕಾಯಂ ರಾತ್ರಿ ಪಾಳಿಯಾದರೆ ಮೈ ಒಗ್ಗಿಹೋಗುತ್ತೆ" ಅನ್ನೋದೂ ಬಹುಪಾಲು ಸುಳ್ಳು. ವರ್ಷಗಟ್ಟಲೆ ರಾತ್ರಿಯೇ ದುಡಿಯುವವರ ಮೆಲಟೋನಿನ್ ಅಳೆದು ನೋಡಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಗಡಿಯಾರ ಪೂರ್ತಿ ತಿರುಗಿದವರು 100ಕ್ಕೆ 3ಕ್ಕಿಂತ ಕಡಿಮೆ. ಕೆಲಸಕ್ಕೆ ಬರುವಷ್ಟಾದರೂ ಸರಿದವರು ನಾಲ್ಕರಲ್ಲಿ ಒಬ್ಬರೂ ಇಲ್ಲ. ಬೆಳಿಗ್ಗೆ ಮನೆಗೆ ಹೋಗುವಾಗ ಬೀಳುವ ಬಿಸಿಲು ರಾತ್ರಿಯ ಅಷ್ಟೂ ಶ್ರಮವನ್ನು ಅಳಿಸಿಹಾಕುತ್ತೆ. ಉಳಿದದ್ದನ್ನು ಎರಡು ದಿನದ ರಜೆ ಅಳಿಸುತ್ತೆ.

(ಇದು ಹೊಸ ಪ್ರಶ್ನೆಯೇನಲ್ಲ. 1938ರಲ್ಲಿ ನೆಥಾನಿಯಲ್ ಕ್ಲೈಟ್‌ಮನ್ ಮತ್ತು ಬ್ರೂಸ್ ರಿಚರ್ಡ್‌ಸನ್ ಅಮೆರಿಕದ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದು, 28 ಗಂಟೆಯ ದಿನಕ್ಕೆ ಮೈಯನ್ನು ಒಗ್ಗಿಸೋಕೆ ನೋಡಿದರು. ಚಿಕ್ಕವನಾದ ರಿಚರ್ಡ್‌ಸನ್ ಒಗ್ಗಿದ, ಕ್ಲೈಟ್‌ಮನ್ ಮೈ ಜಪ್ಪಯ್ಯ ಅನ್ನಲಿಲ್ಲ.)

#3 ಕತ್ತಲಕೋಣೆ

ಮುಳ್ಳು ಹೇಳಿದ್ದನ್ನ ಕೈಗೆ ಸಿಗೋ ಹಾಗೆ ಮಾಡೋಣ.

ಬೆಳಕಿನ ನಿಯಮ ಒಂದೇ. ಉಷ್ಣತೆಯ ತಗ್ಗಿಗೆ ಮುಂಚೆ ಬಿದ್ದ ಬೆಳಕು ಗಡಿಯಾರವನ್ನು ತಡವಾಗಿಸುತ್ತೆ, ತಗ್ಗಿನ ನಂತರ ಬಿದ್ದದ್ದು ಬೇಗ ಮಾಡುತ್ತೆ. ರಾತ್ರಿ ಪಾಳಿಗೆ ಬೇಕಿರೋದು ತಡ ಆಗೋದು. ಹಾಗಾಗಿ ಪಾಳಿಯ ಮೊದಲರ್ಧದಲ್ಲಿ ಬೆಳಕು ಜೋರಿರಲಿ, 4 ಗಂಟೆ ಮೇಲೆ ತಗ್ಗಲಿ, ಬೆಳಿಗ್ಗೆ ಮನೆ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಿ, ಕಣ್ಣಿಗೆ ಬಿಸಿಲು ಕಡಿಮೆ ಬೀಳಲಿ. ಸಾಮಾನ್ಯ ಕಚೇರಿ ದೀಪ 300–500 ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ಮೋಡ ಕವಿದ ಹಗಲಲ್ಲೂ ಹೊರಗೆ ಅದರ ಎಷ್ಟೋ ಪಟ್ಟು ಇರುತ್ತೆ. ಬೆಳಗಿನ ಹತ್ತು ನಿಮಿಷದ ನಡಿಗೆ ರಾತ್ರಿಯ ದೀಪವನ್ನ ಸೋಲಿಸೋದು ಹೀಗೆ.

ಕೋಣೆ: ಕೈ ಚಾಚಿದರೆ ಬೆರಳು ಎಣಿಸೋಕೆ ಆಗಬಾರದು, ಅಷ್ಟು ಕತ್ತಲೆ. ದಪ್ಪ ಪರದೆ ಹಾಕಿದ ಮೇಲೂ ಬೆಳಕು ನುಗ್ಗೋದು ಬಟ್ಟೆಯ ಮೂಲಕ ಅಲ್ಲ, ಪರದೆ ಕಂಬಿಯ ಮೇಲಿನ ಸಂದು ಮತ್ತು ಎರಡು ಅಂಚಿನಿಂದ. ಪರದೆ ಕಿಟಕಿ ಚೌಕಟ್ಟಿಗಿಂತ ಎರಡೂ ಕಡೆ 15 ಸೆಂ.ಮೀ. ಹೆಚ್ಚಿರಲಿ, ಅಂಚನ್ನು ವೆಲ್ಕ್ರೋ ಪಟ್ಟಿಯಲ್ಲಿ ಗೋಡೆಗೆ ಅಂಟಿಸಿ. ಅಷ್ಟು ಖರ್ಚು ಬೇಡ ಅಂದ್ರೆ ಕಿಟಕಿ ಗಾಜಿಗೆ ಒಳಗಿಂದ ಕಪ್ಪು ಕಾಗದ, ಅದರ ಮೇಲೆ ಮಾಮೂಲಿ ಪರದೆ. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಟವೆಲ್. ತಂಪು ಸಾಧ್ಯವಾದಷ್ಟು, 18–20 ಡಿಗ್ರಿ ಒಳ್ಳೇದು, ಆಗದಿದ್ದರೆ ಫ್ಯಾನ್. ಫ್ಯಾನಿನ ಒಂದೇ ಸಮನೆ ಸದ್ದು ಹೊರಗಿನ ಬಿಟ್ಟುಬಿಟ್ಟು ಬರುವ ಸದ್ದನ್ನ ಮುಚ್ಚುತ್ತೆ, ಅದು ಹೆಚ್ಚಿನ ಲಾಭ.

ಕಿವಿಗೆ ಹಾಕೋ ಸ್ಪಂಜಿನ ಬಿರಡೆ ಕೆಲಸ ಮಾಡಲ್ಲ ಅನ್ನೋರಲ್ಲಿ ಮುಕ್ಕಾಲುಪಾಲು ಜನ ಅದನ್ನ ಕಿವಿ ಬಾಯಲ್ಲಿ ಸುಮ್ಮನೆ ಒತ್ತಿರ್ತಾರೆ. ಬೆರಳಲ್ಲಿ ತೆಳ್ಳಗೆ ಕಡ್ಡಿಯ ಹಾಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತಳ್ಳಿ 30 ಸೆಕೆಂಡು ಬೆರಳಲ್ಲಿ ಒತ್ತಿ ಹಿಡಿಯಿರಿ, ಅದು ಅರಳಿ ಕೂರೋ ತನಕ.

ಫೋನ್ ಬಂದ್ ಮಾಡೋಕಾಗಲ್ಲ ಅನ್ನೋರು ಇಬ್ಬರ ನಂಬರಿಗೆ ಮಾತ್ರ ಗಂಟೆ ಬಾರಿಸೋ ಹಾಗೆ ಇಟ್ಟು ಮಿಕ್ಕಿದ್ದು ಮೌನಕ್ಕೆ ಹಾಕಿ.

#4 ದಾರಿದೀಪ

ಬೆಳಿಗ್ಗೆ ಕಪ್ಪು ಕನ್ನಡಕದ ಸಲಹೆಗೆ ಒಂದು ತಡೆ. ಬಸ್ಸಲ್ಲಿ, ಬೇರೆಯವರ ಗಾಡಿಯಲ್ಲಿ ಕೂತು ಹೋಗುವವರು ಹಾಕಿಕೊಳ್ಳಲಿ. ತಾವೇ ಗಾಡಿ ಓಡಿಸುವವರು ಬೇಡ. ಬೆಳಕು ಎಚ್ಚರವನ್ನೂ ಕೊಡುತ್ತೆ, ಅದನ್ನು ಕಳೆದರೆ ಮಂಪರು ಇನ್ನೂ ಜಾಸ್ತಿ. ಗಡಿಯಾರ ಒಂದು ಗಂಟೆ ಸರಿಯುವುದಕ್ಕಿಂತ ಮನೆ ಮುಟ್ಟುವುದು ಮುಖ್ಯ.

ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 4 ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 67 ಮೀಟರ್ ತಾನೇ ಹೋಗಿರುತ್ತೆ. ಆ 4 ಸೆಕೆಂಡು ಮುಚ್ಚಿದ್ದು ಗೊತ್ತೇ ಆಗದಿರಬಹುದು. 17 ಗಂಟೆ ಸತತ ಎಚ್ಚರ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತೆ, 24 ಗಂಟೆಗೆ 0.10% ಹತ್ತಿರ ಅಂತ 1997ರಲ್ಲೇ ಅಳೆದಿದ್ದಾರೆ. ಮೊದಲ ರಾತ್ರಿ ಪಾಳಿಯವರು ಬೆಳಿಗ್ಗೆ 7ಕ್ಕೆ ಎದ್ದು, ಮಲಗದೆ ಬಂದು, ಮರುದಿನ 6ಕ್ಕೆ ಮುಗಿಸಿದರೆ 23 ಗಂಟೆ ಆಯ್ತು.

ಕಿಟಕಿ ತೆಗೆಯೋದು, ಹಾಡು ಜೋರಾಗಿ ಹಾಕೋದು ಕೆಲವು ನಿಮಿಷ ಕೂಡ ಗ್ಯಾರಂಟಿ ಇಲ್ಲ. ಕಳೆದ ಎರಡು ತಿರುವು ಹೇಗೆ ದಾಟಿದೆ ಅಂತ ನೆನಪಿಲ್ಲ, ಗಾಡಿ ಲೇನ್ ಗೆರೆ ಮುಟ್ಟುತ್ತಿದೆ, ಕತ್ತು ಜೋಲುತ್ತಿದೆ: ಯಾವುದಾದರೂ ಒಂದಾದರೆ ಪಕ್ಕಕ್ಕೆ ಹಾಕಿ 20 ನಿಮಿಷ ಮಲಗಿ. ಹೊರಡುವ ಮುಂಚೆಯೇ ಕೆಲಸದ ಜಾಗದಲ್ಲಿ ಮಲಗಿದರೆ ಇನ್ನೂ ಒಳ್ಳೆಯದು.

#5 ಕತ್ತಲಕೋಣೆ

ಒಪ್ಪಿದೆ. ಗಾಡಿ ಓಡಿಸೋರಿಗೆ ಕನ್ನಡಕ ಬೇಡ.

#6 ಜಠರ

ಊಟದ ವಿಷಯ ಯಾರೂ ಎತ್ತಿಲ್ಲ. ನನ್ನ ಮಟ್ಟಿಗೆ ಬೆಳಕು ಬಿಟ್ಟರೆ ಅತಿ ದೊಡ್ಡ ಹಿಡಿಕೆ ಇದು.

ಯಕೃತ್ತು, ಮೇದೋಜೀರಕ, ಕರುಳು ಇವಕ್ಕೂ ಅವವೇ ಗಡಿಯಾರ ಇವೆ. ಮಿದುಳಿನದು ಬೆಳಕಿಗೆ ಹೊಂದಿದರೆ ಇವು ಹೆಚ್ಚಾಗಿ ಊಟದ ಹೊತ್ತಿಗೆ ಹೊಂದುತ್ತವೆ. ಅದೇ ತಟ್ಟೆ ಅದೇ ಪ್ರಮಾಣ ರಾತ್ರಿ 2ಕ್ಕೆ ತಿಂದರೆ ಬೆಳಿಗ್ಗೆ ತಿಂದದ್ದಕ್ಕಿಂತ ರಕ್ತದ ಸಕ್ಕರೆ ಎತ್ತರಕ್ಕೆ ಹೋಗುತ್ತೆ, ಇಳಿಯೋಕೂ ತಡ. ಇನ್ಸುಲಿನ್ ಆಗ ಮೊಂಡಾಗಿರುತ್ತೆ, ಮೆಲಟೋನಿನ್ ಮೇಲಿದ್ದಾಗ ಮೇದೋಜೀರಕವೂ ಕಡಿಮೆ ಇನ್ಸುಲಿನ್ ಬಿಡುತ್ತೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿ ಇಟ್ಟು ಕೃತಕ ರಾತ್ರಿ ಪಾಳಿ ಮಾಡಿಸಿದರು. ರಾತ್ರಿಯೂ ತಿಂದ ಗುಂಪಿನ ಸರಾಸರಿ ಸಕ್ಕರೆ 6.4% ಏರಿತು, ಹಗಲಲ್ಲಿ ಮಾತ್ರ ತಿಂದ ಗುಂಪಿನದು ಏರಲೇ ಇಲ್ಲ. ನಿದ್ದೆ ಕೆಟ್ಟದ್ದು ಇಬ್ಬರದೂ ಒಂದೇ ಥರ. ಸಣ್ಣ ಪ್ರಯೋಗ, ಹೌದು. ಆದರೆ ಇದಕ್ಕೆ ಕಾಸು ಖರ್ಚಿಲ್ಲ.

10–6 ಪಾಳಿಗೆ ಹೀಗೆ ಹೊಂದಿಸಬಹುದು. ಮುಖ್ಯ ಊಟ ಸಂಜೆ 7ರಿಂದ 8ರ ಒಳಗೆ. ಮಧ್ಯರಾತ್ರಿಯಿಂದ 5ರ ತನಕ ದೊಡ್ಡ ಊಟ ಬೇಡ. ಹಸಿವು ತಡೆಯದಿದ್ದರೆ 200 ಕ್ಯಾಲೊರಿ ಒಳಗೆ, ಸಕ್ಕರೆ–ಮೈದಾ ಅಲ್ಲದ್ದು: ಒಂದು ಮೊಟ್ಟೆ, ಒಂದು ಬಟ್ಟಲು ಮೊಸರು, ಹಿಡಿ ಕಡಲೆಬೀಜ. ಬೆಳಿಗ್ಗೆ ಮಲಗುವ ಮುಂಚೆ ಹಗುರವಾಗಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹಸಿವೇ 11ಕ್ಕೆ ಎಬ್ಬಿಸುತ್ತೆ, ಕರಿದದ್ದು ತಿಂದು ಮಲಗಿದರೆ ಎದೆಯುರಿ ಎಬ್ಬಿಸುತ್ತೆ. ಎದ್ದ ಮೇಲೆ ಮಧ್ಯಾಹ್ನದ ಊಟ.

ಎಚ್ಚರಿಕೆ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಊಟವನ್ನು ತಾವಾಗಿಯೇ ಬಿಡಬಾರದು. ಮೊದಲು ವೈದ್ಯರ ಹತ್ತಿರ ಪ್ರಮಾಣ ಬದಲಿಸಿಕೊಳ್ಳಿ.

#7 ಸಂಶಯಪಿಶಾಚಿ

"ರಾತ್ರಿ ಪಾಳಿ ಕ್ಯಾನ್ಸರ್ ತರುತ್ತೆ" ಅಂತ ಎಲ್ಲ ಕಡೆ ಹಂಚುತ್ತಾರೆ. ಇಲ್ಲೂ ಬರುತ್ತೆ ಅಂತ ಕಾಯ್ತಾ ಇದ್ದೆ. ಸರಿಯಾದ ಆಧಾರ ಏನು?

#8 ಅಂಕಿಅಂಶ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಇದನ್ನು 2ಎ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. 2ಎ ಅಂದರೆ "ಬಹುಶಃ ಕ್ಯಾನ್ಸರ್‌ಕಾರಕ". ಜನ ಎಡವುವುದು ಇಲ್ಲಿ. ಆ ಗುಂಪು ಹೇಳೋದು ಸಾಕ್ಷ್ಯ ಎಷ್ಟು ಗಟ್ಟಿ ಅನ್ನೋದನ್ನು, ಅಪಾಯ ಎಷ್ಟು ದೊಡ್ಡದು ಅನ್ನೋದನ್ನಲ್ಲ. ಕೆಂಪು ಮಾಂಸವೂ ಅದೇ ಗುಂಪಲ್ಲಿದೆ.

ಸ್ತನ ಕ್ಯಾನ್ಸರಿನ ಅಂಕಿಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಅಮೆರಿಕದ ದಾದಿಯರ ದೀರ್ಘ ಅಧ್ಯಯನದಿಂದ 2001ರಲ್ಲಿ ಬಂದ ವರದಿಯಲ್ಲಿ, 30 ವರ್ಷ ಅಥವಾ ಹೆಚ್ಚು ಕಾಲ ಸರದಿ ರಾತ್ರಿ ಪಾಳಿ ಮಾಡಿದವರಲ್ಲಿ ಅಪಾಯ 36% ಜಾಸ್ತಿ. 2016ರಲ್ಲಿ ಬ್ರಿಟನ್ನಿನ ಮೂರು ದೊಡ್ಡ ಸಮೂಹಗಳ ವರದಿಯಲ್ಲಿ ಹೆಚ್ಚಳವೇ ಕಾಣಲಿಲ್ಲ. ಎರಡನೆಯದರ ಮೇಲಿನ ಟೀಕೆ ಏನೆಂದರೆ, ಅದರಲ್ಲಿದ್ದ ಹೆಚ್ಚಿನವರು ಪಾಳಿ ಬಿಟ್ಟು ಬಹಳ ಕಾಲವಾದ ವಯಸ್ಸಿನವರು. ಹಾಗಾಗಿ "ಶಂಕೆ ಇದೆ, ತೀರ್ಪು ಆಗಿಲ್ಲ" ಅನ್ನೋದು ಪ್ರಾಮಾಣಿಕ ಉತ್ತರ.

ಹೃದಯದ ವಿಷಯದಲ್ಲಿ ಇಷ್ಟು ಗೊಂದಲ ಇಲ್ಲ. 2012ರಲ್ಲಿ 34 ಅಧ್ಯಯನ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿದಾಗ ಪಾಳಿ ಕೆಲಸದವರಲ್ಲಿ ಹೃದಯಾಘಾತ 23% ಹೆಚ್ಚು, ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವ ಪಾರ್ಶ್ವವಾಯು 5% ಹೆಚ್ಚು. ಇದು ಎಲ್ಲ ಬಗೆಯ ಪಾಳಿಗೂ ಸೇರಿದ್ದು, ಬರೀ ರಾತ್ರಿಗಲ್ಲ. ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ 2015ರ ಇಂಥದೇ ಒಟ್ಟುಲೆಕ್ಕದಲ್ಲಿ 9%, ಗಂಡಸರಲ್ಲಿ 37%, ಸರದಿ ಬದಲಾಗುವ ಪಾಳಿಯಲ್ಲಿ 42%.

23% ಅಂದ ತಕ್ಷಣ ಗಾಬರಿ ಬೇಡ. ಒಂದು ಅವಧಿಯಲ್ಲಿ 100 ಜನರಲ್ಲಿ 4 ಮಂದಿಗೆ ಆಗುವ ಕಡೆ ಸುಮಾರು 5 ಮಂದಿಗೆ ಆಗುತ್ತೆ ಅಂದುಕೊಳ್ಳಿ. ಧೂಮಪಾನ ಇದಕ್ಕಿಂತ ಎಷ್ಟೋ ದೊಡ್ಡ ಕೊಡುಗೆ ಕೊಡುತ್ತೆ, ರಾತ್ರಿ ಪಾಳಿಯವರಲ್ಲಿ ಅದರ ಬಳಕೆಯೂ ಹೆಚ್ಚು.

#9 ಸಂಶಯಪಿಶಾಚಿ

ಧನ್ಯವಾದ. ಇನ್ನೊಂದು ಮಾತು: ಚೆರ್ನೋಬಿಲ್, ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡ ಎಲ್ಲ ರಾತ್ರಿ ನಡೆದವು, ಹಾಗಾಗಿ ನಿದ್ದೆಗೇಡೇ ಕಾರಣ ಅನ್ನೋ ಪಟ್ಟಿಯನ್ನೂ ಯಾರೂ ಹಾಕಬೇಡಿ. ಚೆರ್ನೋಬಿಲ್‌ನಲ್ಲಿ ರಾತ್ರಿ 1:23ಕ್ಕೆ ಸ್ಫೋಟ ಆಯ್ತು ನಿಜ, ಆದರೆ ರಿಯಾಕ್ಟರಿನ ವಿನ್ಯಾಸದ ದೋಷ ಹಗಲಲ್ಲೂ ದೋಷವೇ.

#10 ಅಂಕಿಅಂಶ

ಸರಿ, ಬಿಡಿಬಿಡಿ ದುರಂತಗಳಿಂದ ಏನೂ ಸಾಬೀತಾಗಲ್ಲ. ದಿನನಿತ್ಯದ ಸಣ್ಣ ಗಾಯಗಳ ಲೆಕ್ಕ ಇದೆ. ಬೆಳಗಿನ ಪಾಳಿಗೆ ಹೋಲಿಸಿದರೆ ರಾತ್ರಿ ಪಾಳಿಯಲ್ಲಿ ಗಾಯದ ಅಪಾಯ ಸುಮಾರು 30% ಹೆಚ್ಚು. ಸತತ ರಾತ್ರಿಗಳಲ್ಲಿ ಮೊದಲನೆಯದಕ್ಕಿಂತ ಎರಡನೆಯ ರಾತ್ರಿ 6%, ಮೂರನೆಯದು 17%, ನಾಲ್ಕನೆಯದು 36% ಹೆಚ್ಚು. ಪಾಳಿಪಟ್ಟಿಯವರ ಐದು ರಾತ್ರಿಯ ಸರದಿಯನ್ನು ಈ ಏಣಿಯ ಪಕ್ಕ ಇಟ್ಟು ನೋಡಿ.

#11 ಕಾಫಿಬೀಜ

ಕೆಫೀನ್: ಅರ್ಧಾಯುಷ್ಯ ಸುಮಾರು 5 ಗಂಟೆ. ಬೆಳಿಗ್ಗೆ 4ಕ್ಕೆ 100 ಮಿ.ಗ್ರಾಂ. ಒಳಗೆ ಹೋದರೆ 9ಕ್ಕೆ ಇನ್ನೂ 50 ಉಳಿದಿರುತ್ತೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹತ್ತಿರ ಹತ್ತಿರ ದುಪ್ಪಟ್ಟು ಹೊತ್ತು ನಿಲ್ಲುತ್ತೆ, ಸಿಗರೇಟು ಸೇದುವವರಲ್ಲಿ ಬೇಗ ಕರಗುತ್ತೆ. 2013ರ ಒಂದು ಪ್ರಯೋಗದಲ್ಲಿ ಮಲಗುವ 6 ಗಂಟೆ ಮುಂಚೆ ತೆಗೆದುಕೊಂಡ 400 ಮಿ.ಗ್ರಾಂ. ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆ ತಿಂದಿತ್ತು.

8ಕ್ಕೆ ಮಲಗುವವರಿಗೆ ಕೊನೆಯ ಲೋಟ 2 ಗಂಟೆಗೆ. ಒಂದೇ ಸಲ ದೊಡ್ಡ ಲೋಟ ಬೇಡ. ಪಾಳಿಯ ಶುರುವಿನಿಂದ 2ರ ತನಕ ಎರಡು ಗಂಟೆಗೊಮ್ಮೆ 50 ಮಿ.ಗ್ರಾಂ. ಅಂದಾಜು, ಅಂದರೆ ಒಂದು ಲೋಟ ಟೀ ಅಥವಾ ಅರ್ಧ ಲೋಟ ಕಾಫಿ. ದಿನದ ಮಿತಿ 400, ಗರ್ಭಿಣಿಯರಿಗೆ 200.

ಕಿರುನಿದ್ದೆ: 2ರಿಂದ 4ರ ನಡುವೆ 20 ನಿಮಿಷ, ಅಲಾರಂ 25ಕ್ಕೆ. ಅದಕ್ಕಿಂತ ಉದ್ದಕ್ಕೆ ಹೋದರೆ ಗಾಢ ನಿದ್ದೆಯ ಮಧ್ಯದಲ್ಲಿ ಏಳಬೇಕಾಗುತ್ತೆ, ಆಮೇಲೆ ಅರ್ಧ ಗಂಟೆ ತಲೆ ಕೆಲಸ ಮಾಡಲ್ಲ. ಆ ಹೊತ್ತಲ್ಲಿ ಔಷಧದ ಪ್ರಮಾಣ ಲೆಕ್ಕ, ವಾಲ್ವ್ ತಿರುಗಿಸೋದು, ಗಾಡಿ ಓಡಿಸೋದು ಬೇಡ. 2ರ ಕೊನೆ ಲೋಟ ಕುಡಿದು ತಕ್ಷಣ ಮಲಗಿ. ಕೆಫೀನ್ ಏರೋಕೆ 20–30 ನಿಮಿಷ ಬೇಕು, ಏಳುವಾಗ ಅದೇ ಕೈ ಹಿಡಿದು ಎಬ್ಬಿಸುತ್ತೆ.

ಮೊದಲ ರಾತ್ರಿಗೆ ಹೋಗುವ ಮುಂಚಿನ ನಿದ್ದೆ ಸಂಜೆ 7–9ಕ್ಕೆ ಮಾಡ್ತೀನಿ ಅಂತ ಹೊರಳಾಡಬೇಡಿ. ಮಾಮೂಲಿ ಮಲಗುವ ಹೊತ್ತಿಗೆ 2–3 ಗಂಟೆ ಮುಂಚೆ ಗಡಿಯಾರ ಎಚ್ಚರವನ್ನು ಅತಿ ಜೋರಾಗಿ ಒತ್ತುತ್ತೆ, ಆಗ ನಿದ್ದೆ ಬರೋದೇ ಕಷ್ಟ. ಮಧ್ಯಾಹ್ನ 2ರಿಂದ 4ರ ನಡುವೆ 90 ನಿಮಿಷ ಮಲಗಿ.

ನಿದ್ದೆಗೆ ಅಂತ ಬೆಳಿಗ್ಗೆ ಮದ್ಯ ಕುಡಿಯೋದು ಬೇಡ. ಬೇಗ ನಿದ್ದೆ ಹತ್ತುತ್ತೆ, ಆದರೆ ಎರಡನೇ ಅರ್ಧ ಚಿಂದಿ. ಮೊದಲೇ ಕತ್ತರಿಸಿಹೋಗುವ ಭಾಗ ಅದೇ.

#12 ಪಾಳಿಪಟ್ಟಿ

ಮೆಲಟೋನಿನ್ ಮಾತ್ರೆ? ಮತ್ತು ಬೆಳಿಗ್ಗೆ ತಗೊಳ್ಳಿ ಅಂತ ಬರೆದಿರೋ ಬಿಪಿ, ಥೈರಾಯ್ಡ್ ಮಾತ್ರೆಗಳ "ಬೆಳಿಗ್ಗೆ" ಯಾವುದು?

#13 ಮಾತ್ರೆಡಬ್ಬಿ

ಮೆಲಟೋನಿನ್: ನಿರೀಕ್ಷೆ ಸಣ್ಣದಾಗಿರಲಿ. ಪಾಳಿಯವರ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2014ರ ಪರಾಮರ್ಶೆಯಲ್ಲಿ 1ರಿಂದ 10 ಮಿ.ಗ್ರಾಂ. ತೆಗೆದುಕೊಂಡರೆ ಹಗಲು ನಿದ್ದೆ ಸರಾಸರಿ 24 ನಿಮಿಷ ಹೆಚ್ಚಿತ್ತು. ಪ್ರಮಾಣ ಏರಿಸಿದರೆ ಲಾಭ ಏರಿದ್ದು ಕಾಣಲಿಲ್ಲ. ಹೆಚ್ಚಿನದು ಬೇಡ. ಮನೆ ಸೇರಿ ಹಾಸಿಗೆಯ ಪಕ್ಕ ಕೂತ ಮೇಲೆ ತಗೊಳ್ಳಿ, ದಾರಿಯಲ್ಲಿ ಅಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆರೋಗದ ಮಾತ್ರೆ ಇದ್ದರೆ ಕೇಳದೆ ತಗೊಳ್ಳಬೇಡಿ.

"ಬೆಳಿಗ್ಗೆ": ಮಾತ್ರೆಯ ಭಾಷೆಯಲ್ಲಿ ಸಾಮಾನ್ಯವಾಗಿ ಅದು ಮುಖ್ಯ ನಿದ್ದೆ ಮುಗಿಸಿ ಎದ್ದ ಹೊತ್ತು. ಥೈರಾಕ್ಸಿನ್ ಮಾತ್ರೆಗೆ ಮುಖ್ಯವಾದದ್ದು ಖಾಲಿ ಹೊಟ್ಟೆ. ಎದ್ದ ತಕ್ಷಣ ಬರೀ ನೀರಲ್ಲಿ ನುಂಗಿ, ಊಟ–ಕಾಫಿಗೆ 30–60 ನಿಮಿಷ ಬಿಡಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ 4 ಗಂಟೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನ ಬೆಳಿಗ್ಗೆ 7ಕ್ಕೆ ನುಂಗಿ 8ಕ್ಕೆ ಮಲಗಿದರೆ ಹಗಲಿಡೀ ಓಡಾಟ. ಅದು ಎದ್ದ ಮೇಲೆ. ದಿನಕ್ಕೊಂದೇ ಮಾತ್ರೆಯಾದರೆ ಪಾಳಿ ಬದಲಾದಾಗ ಎರಡು ಡೋಸು ಹತ್ತಿರ ಬಂದುಬಿಡದಂತೆ ನೋಡಿಕೊಳ್ಳಿ.

ರಕ್ತ ಪರೀಕ್ಷೆಗೆ ಕೊಡುವಾಗ ಚೀಟಿಯಲ್ಲಿ "ರಾತ್ರಿ ಪಾಳಿ" ಅಂತ ಬರೆಸಿ. ಪಾಳಿ ಮುಗಿಸಿ ನೇರ ಹೋಗಿ ಕೊಟ್ಟ 8 ಗಂಟೆಯ ಕಾರ್ಟಿಸಾಲ್‌ಗೆ ಅರ್ಥವಿಲ್ಲ, ಉಪವಾಸದ ಸಕ್ಕರೆಯೂ ದಾರಿ ತಪ್ಪಿಸಬಹುದು. ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಹೊತ್ತಿನ ಹಂಗಿಲ್ಲ.

ಮೂರ್ಛೆರೋಗ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೈಪೋಲಾರ್ ಕಾಯಿಲೆ ಇರುವವರು ರಾತ್ರಿ ಪಾಳಿಗೆ ಒಪ್ಪುವ ಮುಂಚೆ ವೈದ್ಯರ ಹತ್ತಿರ ಮಾತಾಡಲೇಬೇಕು. ಮೊದಲ ಮತ್ತು ಕೊನೆಯ ಕಾಯಿಲೆಯಲ್ಲಿ ನಿದ್ದೆಗೇಡು ತಾನೇ ಕಿಡಿ. ಗರ್ಭಿಣಿಯರ ಬಗ್ಗೆ: ಡೆನ್ಮಾರ್ಕಿನ 2019ರ ಅಧ್ಯಯನದಲ್ಲಿ, 8ನೇ ವಾರದ ನಂತರ ಒಂದೇ ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ದುಡಿದವರಿಗೆ ಮುಂದಿನ ವಾರ ಗರ್ಭಪಾತದ ಅಪಾಯ 32% ಹೆಚ್ಚಿತ್ತು.

#14 ಸರದಿಗಾರ

ಇಷ್ಟು ಹೊತ್ತು ಎಲ್ಲರೂ ದುಡಿಯುವವರ ತಲೆಗೇ ಕಟ್ಟುತ್ತಿದ್ದೀರಿ: ಪರದೆ ಹಾಕು, ಕಾಫಿ ಅಳೆ, ಮೊಟ್ಟೆ ತಿನ್ನು. ಪಟ್ಟಿ ಬರೆಯುವವರು ಒಂದು ಸಾಲು ಬದಲಿಸಿದರೆ ಇದೆಲ್ಲದಕ್ಕಿಂತ ಹೆಚ್ಚು ಕೆಲಸ ಆಗುತ್ತೆ.

ದಿಕ್ಕು: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಹಿಮ್ಮುಖ ಬೇಡ. ಗಡಿಯಾರಕ್ಕೆ ತಡ ಆಗೋದು ಸುಲಭ ಅನ್ನೋದು ಒಂದು ಕಾರಣ, ಬಿಡುವಿನ ಲೆಕ್ಕ ಇನ್ನೊಂದು. 6–2, 2–10, 10–6 ಪಾಳಿಗಳಲ್ಲಿ ಮುಮ್ಮುಖವಾಗಿ ಹೋದರೆ ಪ್ರತಿ ಬದಲಾವಣೆಗೂ 24 ಗಂಟೆ ಸಿಗುತ್ತೆ. ಹಿಮ್ಮುಖವಾದರೆ 10ಕ್ಕೆ ಮುಗಿಸಿ 6ಕ್ಕೆ ಬರಬೇಕು, 8 ಗಂಟೆ. ಓಡಾಟ, ಊಟ, ಸ್ನಾನ ಕಳೆದರೆ ನಿದ್ದೆಗೆ ಐದೂ ಇಲ್ಲ. ಎರಡು ಪಾಳಿ ನಡುವೆ 11 ಗಂಟೆಗೆ ಕಡಿಮೆ ಆಗಕೂಡದು.

ಎಣಿಕೆ: ಸತತ ರಾತ್ರಿ 3ಕ್ಕೆ ನಿಲ್ಲಿಸಿ. #10ರ ಏಣಿ ನೋಡಿದಿರಲ್ಲ. 12 ಗಂಟೆಯ ಪಾಳಿಯಾದರೆ 2.

ಕಾಗದದ ಮೋಸ: ಶನಿವಾರ ಬೆಳಿಗ್ಗೆ 6ಕ್ಕೆ ಮುಗಿದ ಪಾಳಿಯ ಮೇಲೆ "ಶನಿವಾರ ರಜೆ" ಅಂತ ಬರೆಯುತ್ತಾರೆ. ಆ ದಿನ ಪೂರ್ತಿ ನಿದ್ದೆ ತೀರಿಸೋದಕ್ಕೇ ಹೋಗುತ್ತೆ. ಭಾನುವಾರ ಬೆಳಿಗ್ಗೆ 6ಕ್ಕೆ ಕರೆದರೆ ಕೈಗೆ ಬಂದದ್ದು 24 ಗಂಟೆ, ನೆಟ್ಟಗಿನ ಒಂದೇ ಒಂದು ರಾತ್ರಿ. ಕೊನೆಯ ರಾತ್ರಿಯ ನಂತರ 48 ಗಂಟೆಯನ್ನು ಪಾಳಿ ಮುಗಿದ ಕ್ಷಣದಿಂದ ಎಣಿಸಿ.

ಕೆಲಸದ ಹಂಚಿಕೆ: 3ರಿಂದ 5ರ ನಡುವೆ ಒಬ್ಬರೇ ಮಾಡುವ, ತಪ್ಪಿದರೆ ಹಿಂದಕ್ಕೆ ತರಲಾಗದ ಕೆಲಸ ಇಡಬೇಡಿ. ಇಡಲೇಬೇಕಾದರೆ ಇನ್ನೊಬ್ಬರು ಓದಿ ಪರೀಕ್ಷಿಸಲಿ. ಮಾನಿಟರ್ ನೋಡುತ್ತಾ ಕೂರುವ ಕಾವಲು ಕೆಲಸ ಆ ಹೊತ್ತಿಗೆ ಅತ್ಯಂತ ಕೆಟ್ಟದ್ದು, ನಿಂತು ಓಡಾಡುವ ಕೆಲಸ ಆಗಲೇ ಇರಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ 171ನೇ ಒಡಂಬಡಿಕೆಯಲ್ಲಿ ಇದರ ಅಡಿಪಾಯ ಇದೆ. ರಾತ್ರಿ ಕೆಲಸ ಅಂದರೆ ಮಧ್ಯರಾತ್ರಿಯಿಂದ 5ರ ತನಕದ ಹೊತ್ತನ್ನು ಒಳಗೊಂಡ ಕನಿಷ್ಠ 7 ಸತತ ಗಂಟೆ. ನೇಮಕಕ್ಕೆ ಮುಂಚೆ ಮತ್ತು ಆಮೇಲೆ ಆಗಾಗ, ಕೇಳಿದರೆ ಉಚಿತ ಆರೋಗ್ಯ ತಪಾಸಣೆ. ಆರೋಗ್ಯದ ಕಾರಣಕ್ಕೆ ರಾತ್ರಿ ಆಗದವರಿಗೆ, ಸಾಧ್ಯವಿದ್ದ ಕಡೆ, ಅಂಥದೇ ಹಗಲು ಕೆಲಸ. ಹೆರಿಗೆಯ ಮುಂಚೆ ಮತ್ತು ನಂತರ ಕನಿಷ್ಠ 16 ವಾರ ರಾತ್ರಿಗೆ ಬದಲಿ ವ್ಯವಸ್ಥೆ. ದೇಶ ಒಪ್ಪಿ ಸಹಿ ಹಾಕಿದ್ದರೆ ಮಾತ್ರ ಅದು ಕಾನೂನು, ಆದರೆ ಮಾತುಕತೆಗೆ ಕೂರುವಾಗ ಮೇಜಿನ ಮೇಲೆ ಇಡೋಕೆ ಒಳ್ಳೆಯ ಕಾಗದ.

#15 ಪಾಳಿಪಟ್ಟಿ

ಪಟ್ಟಿ ಸದ್ಯಕ್ಕೆ ಬದಲಾಗಲ್ಲ ಅಂತಿಟ್ಟುಕೊಳ್ಳಿ. 5 ರಾತ್ರಿ, 2 ರಜೆ ಹಾಗೇ ಇದೆ. ರಜೆಯ ದಿನ ಯಾವಾಗ ಮಲಗಬೇಕು?

#16 ಗಡಿಯಾರದ ಮುಳ್ಳು

ನಡುದಾರಿ ಒಂದಿದೆ. ಪಾಳಿ ದಿನಗಳಲ್ಲಿ ಬೆಳಿಗ್ಗೆ 7:30ರಿಂದ ಮಧ್ಯಾಹ್ನ 2:30. ರಜೆಯ ರಾತ್ರಿಗಳಲ್ಲಿ ಬೆಳಗಿನ ಜಾವ 2ರಿಂದ 11. ಎರಡಕ್ಕೂ ಸಾಮಾನ್ಯವಾದ 7:30–11ರ ಮೂರೂವರೆ ಗಂಟೆಯೇ ಲಂಗರು. ಉಷ್ಣತೆಯ ತಗ್ಗು ಆ ಹೊತ್ತಿಗೆ, 9–10ರ ಸುಮಾರಿಗೆ ಬಂದು ನಿಂತರೆ ಎರಡೂ ನಿದ್ದೆಯ ಒಳಗೆ ಬೀಳುತ್ತೆ, ಪಾಳಿಯ 4 ಗಂಟೆಯ ಪಾತಾಳವೂ ಮೇಲೇಳುತ್ತೆ. ಬೆಳಕು ಸರಿಯಾಗಿ ಹಿಡಿದರೂ ದಿನಕ್ಕೆ 1–2 ಗಂಟೆಗಿಂತ ಹೆಚ್ಚು ಸರಿಯಲ್ಲ, ಹಾಗಾಗಿ ಅಲ್ಲಿಗೆ ತಲುಪೋಕೆ ಮೂರು–ನಾಲ್ಕು ದಿನ ಬೇಕು. ಸಂಜೆ, ರಾತ್ರಿ ಊಟ, 1 ಗಂಟೆಯ ತನಕ ಮನೆಯವರ ಜೊತೆಗಿನ ಹೊತ್ತು ಉಳಿಯುತ್ತೆ. ಬೆಳಗಿನದು ಕಳೆದುಹೋಗುತ್ತೆ.

ಇದು ಸತತ ರಾತ್ರಿಗಳ ಪಟ್ಟಿಗೆ ಮಾತ್ರ. ಸರದಿಗಾರರು ಹೇಳಿದ ಹಾಗೆ 2–3 ರಾತ್ರಿಯಲ್ಲಿ ಮುಗಿಯುವ ಪಟ್ಟಿಯಾದರೆ ಗಡಿಯಾರವನ್ನು ಮುಟ್ಟಲೇಬೇಡಿ. ಹಗಲಿನ ಗಡಿಯಾರವೇ ಇರಲಿ, ಕಿರುನಿದ್ದೆಯಲ್ಲಿ ರಾತ್ರಿ ದಾಟಿಸಿ.

#17 ಜಠರ

ರಜೆ ದಿನ 11ಕ್ಕೆ ಏಳುವವರು ಎದ್ದು ಅರ್ಧ ಗಂಟೆಯೊಳಗೆ ತಿಂದು, ಬಿಸಿಲಿಗೆ ಹೋಗಿ. ಆ ಬೆಳಕು ತಗ್ಗು ಕಳೆದ ಮೇಲಿನದು, ಹಾಗಾಗಿ ಗಡಿಯಾರವನ್ನ ಸ್ವಲ್ಪ ಬೇಗದ ಕಡೆಗೆ ಎಳೆಯುತ್ತೆ ನಿಜ. ಆದರೆ ಕಾಯಂ ರಾತ್ರಿ ಪಾಳಿಯವರಲ್ಲಿ ವಿಟಮಿನ್ ಡಿ ಕಡಿಮೆ ಇರೋದು ಸಾಮಾನ್ಯ, ಪೂರ್ತಿ ಕತ್ತಲಲ್ಲಿ ಬದುಕೋಕಾಗಲ್ಲ. ಮುಳ್ಳು, ಆಕ್ಷೇಪಣೆ ಇದೆಯಾ?

#18 ಗಡಿಯಾರದ ಮುಳ್ಳು

ಇಲ್ಲ. 11ಕ್ಕೆ ಸಿಗುವ ಬೆಳಕು ಗಡಿಯಾರ ತೀರಾ ಜಾರಿಹೋಗದ ಹಾಗೆ ಬ್ರೇಕ್ ಹಾಕುತ್ತೆ, ನಡುದಾರಿಗೆ ಅದೂ ಬೇಕು. 7ರ ಬಿಸಿಲು ಮಾತ್ರ ಬೇಡ.

#19 ಮಾತ್ರೆಡಬ್ಬಿ

ಇದೆಲ್ಲ ಮಾಡಿಯೂ 3 ತಿಂಗಳು ದಾಟಿದ ಮೇಲೆ ಪಾಳಿಯಲ್ಲಿ ತಡೆಯಲಾರದ ತೂಕಡಿಕೆ ಅಥವಾ ಹಗಲು ನಿದ್ದೆಯೇ ಬಾರದಿರುವುದು ಮುಂದುವರಿದರೆ ಅದಕ್ಕೆ ಪಾಳಿ ಕೆಲಸದ ನಿದ್ರಾದೋಷ ಅಂತ ಹೆಸರಿದೆ, ಚಿಕಿತ್ಸೆಯೂ ಇದೆ. ವೈದ್ಯರ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. 14 ದಿನ, ರಜೆಯೂ ಸೇರಿ, ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದದ್ದು, ಕೆಫೀನ್ ಕುಡಿದದ್ದು ಬರೆದ ಹಾಳೆ ಒಯ್ಯಿರಿ. ತೂಕಡಿಕೆ ಎಷ್ಟಿದೆ ಅಂತ ಅಳೆಯುವ ಎಪ್‌ವರ್ತ್ ಪ್ರಶ್ನಾವಳಿಯ 8 ಪ್ರಶ್ನೆಗೂ ಉತ್ತರ ಬರೆದುಕೊಳ್ಳಿ, 24ಕ್ಕೆ 10 ದಾಟಿದರೆ ಹೇಳಿ. ಗೊರಕೆ ಜೋರಿದ್ದು ಉಸಿರು ನಿಂತು ನಿಂತು ಬರುತ್ತೆ ಅಂತ ಮನೆಯವರು ಹೇಳಿದ್ದರೆ ಅದನ್ನ ಮೊದಲು ಹೇಳಿ. ಆಗ ತಪ್ಪು ಪಾಳಿಯದಷ್ಟೇ ಅಲ್ಲದಿರಬಹುದು, ಎಷ್ಟು ಕಪ್ಪು ಪರದೆ ಹಾಕಿದರೂ ಅದು ಸರಿಹೋಗಲ್ಲ.